ಸೀನಿನ ಹೊಟೇಲಿನ ನಾಷ್ಟೂಟ

ನಿಪ್ಪಾಣಿಯೊಳಗ ಐತವಾರ ದಿನ ಶಾಕಾಹಾರಿ ಹೊಟೇಲ್ ತೆರೀತೇನಿ ಅಂದ್ರ ಜನ ಮೊದಲ ನಿಮ್ಮ ಮಾರಿ ನೋಡ್ತಾರ, ಆಮ್ಯಾಲ ಹಣಿ ಮುಟ್ಟಿ ಜ್ವರ ಬಂದಾವೇನು ಅಂತ ನೋಡ್ತಾರ. ನಮ್ಮ ಕಡೆ ಐತವಾರ ಅಂದ್ರ ಮಟನ್. ಮುಂಜಾನೆ ಹಲ್ಲು ತಿಕ್ಕೂದರಾಗ ಗಂಡಸರು ಡಬ್ಬಿ ಹಿಡಕೊಂಡು ಅಂಗಡಿ ಮುಂದ ಪಾಳಿ ಹಚ್ಚಿರತಾರ. ಮಧ್ಯಾಹ್ನಕ್ಕ ಓಣಿ ತುಂಬ ಕೆಂಪು ರಸ್ಸಾದ, ಅಂದ್ರ ಖಾರದ ಮಟನ್ ಸಾರಿನ, ಘಮ. ಇಂಥಾ ಊರಾಗ ನಮ್ಮ ಅಣ್ಣನ ಮಗಳು ಹೊಟೇಲ್ ತೆಗದ್ಲು. ಅದೂ ಎಲ್ಲಿ? ಹಳೇ ತಂಬಾಕದ ವಖಾರದಾಗ.

ವಖಾರ ಅಂದ್ರ ಗೋದಾಮ. ಒಂದು ಕಾಲಕ್ಕ ಈ ಊರಿನ ಓಣಿ ಓಣಿಗೆ ವಖಾರ ಇದ್ದವು, ನಮ್ಮ ಮನಿ ಗ್ವಾಡಿಗೆ ಹತ್ತಿನೂ ಒಂದಿತ್ತು. ಸುತ್ತಲಿನ ಹಳ್ಳಿ ತಂಬಾಕ ಎಲ್ಲಾ ಇಲ್ಲೇ ಬಂದು ಬೀಳ್ತಿತ್ತು, ಹೆಣ್ಣಮಕ್ಕಳು ಸಾಲಾಗಿ ಕುಂತು ಜರಡಿ ಆಡಸ್ತಿದ್ರು. ಈಗ ಭಾಳಷ್ಟು ಬಂದ್ ಬಿದ್ದಾವ. ಅಂಥಾದ್ದೊಂದನ್ನ ಅಕಿ ಬಾಡಿಗಿ ಹಿಡದ್ಲು. ಗ್ವಾಡಿಗೆ ಸುಣ್ಣ ಬಳಿಸಿ, ತಂಬಾಕ ತೂಗೂ ದೊಡ್ಡ ತಕ್ಕಡಿಯೊಳಗ ಮಣ್ಣು ತುಂಬಿ ಕೊತ್ತಂಬರಿ ಬೆಳಸಿ, ಹಳೇ ಜರಡಿಗೋಳನ್ನ ಬೋರಲ ಇಳಿಬಿಟ್ಟು ಒಳಗ ಬಲ್ಬ್ ಹಾಕಿ, ಕಟಗಿ ಪೆಟ್ಟಿಗಿ ಮ್ಯಾಲ ಗೋಣಿಚೀಲದ ಗಾದಿ ಹಾಸಿ ಕೂಡಾಕ ಜಾಗಾ ಮಾಡಿದ್ಲು. ನೋಡಾಕ ಛಲೋನ ಇತ್ತು. ತೊಂದ್ರಿ ಒಂದ. ತಂಬಾಕ ಹೋಗಿತ್ತು, ಅದರ ಘಾಟು ಹೋಗಿದ್ದಿಲ್ಲ. ಕಲ್ಲಿನಾಗ, ತೊಲಿಯಾಗ, ಹಂಚಿನ ಸಂದಿಯಾಗ ಎಲ್ಲಾ ಕಡೆ ಕುಂತುಬಿಟ್ಟಿತ್ತು. ಹೊಸ ಗಿರಾಕಿ ಒಳಗ ಕಾಲಿಟ್ಟು ಎರಡು ಉಸರು ತಗೊಳ್ಳೂದರಾಗ ಆಕ್ಷೀ ಅಂತಿದ್ದ.

ಹೊಟೇಲಿಗೆ ಅಕಿ ಚಂದದ್ದೊಂದು ಹೆಸರಿಟ್ಟು ಬೋರ್ಡ್ ಬರೆಸಿದ್ಲು. ಊರ ಮಂದಿ ಅದನ್ನ ಒಂದಿನಾನೂ ಬಾಯಾಗ ತರಲಿಲ್ಲ. ‘ಸೀನಿನ ಹೊಟೇಲ್’ ಅಂದ್ರು, ಮುಗೀತು. ನಂಗ ಸಿಟ್ಟು ನೆತ್ತಿಗೇರಿತು. ಅಕಿ ಮಾತ್ರ ಬಿದ್ದು ಬಿದ್ದು ನಕ್ಕು, ಒಳಗಿನ ಗ್ವಾಡಿಗೆ ಕನ್ನಡದಾಗೊಮ್ಮೆ ಮರಾಠಿಯೊಳಗೊಮ್ಮೆ ಬರೆಸಿದ್ಲು: ‘ಸೀನು ಬಂದ್ರ ಸೀನ್ರಿ. ತಾಟಿನ ಕಡೆ ಮಾರಿ ಮಾಡಬ್ಯಾಡ್ರಿ.’

ಐತವಾರ ಅಲ್ಲಿ ಸಿಗೂದಕ್ಕ ಅಕಿ ಇಟ್ಟ ಹೆಸರು ‘ನಾಷ್ಟೂಟ’. ಲೇಟಾಗಿ ಎದ್ದವರಿಗೆ ನಾಷ್ಟಾನೂ ಅದ, ಊಟಾನೂ ಅದ. ಮಡಿಕಿಕಾಳಿನ ಮಿಸಳ, ಥಾಲಿಪೀಟ, ಮ್ಯಾಲ ಕೈಲೆ ಕಡದ ಬೆಣ್ಣಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಇವೆಲ್ಲಾ ಎಲ್ಲಾರೂ ಮಾಡ್ತಾರ ಬಿಡ್ರಿ. ಅಕಿ ಹಿಕಮತ್ತು ಇದ್ದದ್ದು ರಸ್ಸಾದಾಗ. ಮಟನ್ ಇಲ್ಲದ ಕೆಂಪು ರಸ್ಸಾ, ಬಿಳಿ ರಸ್ಸಾ! ಕೆಂಪಿಗೆ ಸುಟ್ಟ ಉಳ್ಳಾಗಡ್ಡಿ, ಒಣಕೊಬ್ರಿ, ನಮ್ಮ ಕಡೆ ಚಟ್ನಿಖಾರ, ನಡುವ ಸಣ್ಣ ಮುಳ್ಳು ಬದನಿಕಾಯಿ. ಬಿಳಿಗೆ ಕೊಬ್ರಿ ಹಾಲು, ಗಸಗಸಿ, ಎಳ್ಳು. ಮಟನ್ ತಿಂದು ಬೆಳದ ದಪ್ಪ ಮೀಸಿಯ ಗಂಡಸರು ‘ನೋಡೋಣು ಏನ್ ಮಾಡ್ಯಾಳ’ ಅಂತ ಚ್ಯಾಷ್ಟಿ ಮಾಡಾಕ ಬಂದು, ಬಟ್ಟಲ ಎತ್ತಿ ಕುಡದು, ಸೀನಿ, ಮೀಸಿ ಒರಸಿಕೊಂಡು ‘ಇನ್ನೊಂದು ತಾ ಬೇ ಯವ್ವಾ’ ಅಂದದ್ದನ್ನ ನಾ ಕಣ್ಣಾರೆ ನೋಡೇನಿ.

ಇನ್ನ ನನ್ನ ಮಾತು. ನಾ ಚಿಕ್ಕೋಡಿಯೊಳಗ ಹೈಸ್ಕೂಲ್ ಅಕ್ಕೋರು. ದಿನಾ ಬಸ್ಸಿಗೆ ಹೋಗಿ ಬರ್ತೇನಿ. ಕಲಸೂದು ವಿಜ್ಞಾನ. ಸಿಟ್ಟು ಮೂಗಿನ ತುದಿ ಮ್ಯಾಲ ಇರತೈತಿ ಅಂತ ಹುಡುಗೋರು ಹಿಂದ ಆಡ್ಕೋತಾರ, ಸುಳ್ಳಲ್ಲ. ಅಣ್ಣಂದು ಅಥಣಿ ಕಡೆ ದ್ರಾಕ್ಷಿ ತ್ವಾಟ. ಮಗಳು ಓದಲಿ ಅಂತ ಸಣ್ಣಾಕಿ ಇದ್ದಾಗನ ನನ್ನ ಕಡೆ ಬಿಟ್ಟಿದ್ದ. ಹಂಗ ಬಂದಾಕಿ ನನ್ನ ಮನಿಯಾಗ ಬೆಳದ್ಲು, ನನ್ನ ಜೋಡಿ ಜಗಳಾಡಿದ್ಲು, ನನ್ನ ಅಡಗಿ ಮನಿಯಿಂದ ನನ್ನ ಹೊರಗ ಹಾಕಿದ್ಲು. ಹಡದಿಲ್ಲ ಅನ್ನೂದೊಂದು ಬಿಟ್ರ ಅಕಿ ನನ್ನ ಮಗಳು.

ಐತವಾರ ಮುಂಜಾನೆ ಮೂಲಿಯೊಳಗಿನ ಪೆಟ್ಟಿಗಿ ನಂದ. ಮಂದಿ ‘ಅಕ್ಕೋರಿಗೆ ಸೊಸಿ ಮ್ಯಾಲ ಎಷ್ಟ ಮಾಯಾ, ಮಧ್ಯಾಹ್ನದ ತನಕ ಏಳೂದಿಲ್ಲ’ ಅಂತಿದ್ರು. ಮಾಯಾ ಏನೋ ಖರೇ. ಆದ್ರ ಏಳದ ಇರಾಕ ಕಾರಣ ಬ್ಯಾರೆ ಇತ್ತು. ನಾಷ್ಟಾ ಮುಗಿಸಿ, ಚೀಲ ಹೆಗಲಿಗೆ ಹಾಕಿ ನಾ ಏಳೂದು, ಯಾವನೋ ಆಕ್ಷೀ ಅನ್ನೂದು. ಒಂಟಿ ಸೀನು! ನಾ ಮತ್ತ ಕುಂದರೂದು. ಒಂಟಿ ಸೀನಿಗೆ ಹೊರಗ ಹೋಗಬಾರದು, ನೀರು ಕುಡದು ಸ್ವಲ್ಪ ತಡದು ಹೋಗಬೇಕು. ಕುಂತ ಮ್ಯಾಲ ಬರೇ ಕುಂದರಾಕ ಆಗತೈತೇನು, ಒಂದು ಚಾ. ಚಾ ಮುಗಿಸಿ ಏಳೂದರಾಗ ಇನ್ನೊಬ್ಬ ಹೊಸಾ ಗಿರಾಕಿ, ಇನ್ನೊಂದು ಸೀನು. ಮತ್ತ ಚಾ, ಇಲ್ಲಾ ಒಂದು ಬಟ್ಟಲ ರಸ್ಸಾ. ನಾಷ್ಟಾಕ್ಕ ಹೋದಾಕಿ ಊಟಾ ಮಾಡಿಕೊಂಡು ಬರ್ತಿದ್ದೆ. ನಾಷ್ಟೂಟ ಅನ್ನೂ ಹೆಸರು ಹುಟ್ಟಿದ್ದ ನನ್ನಿಂದ ಅಂತ ಅಕಿ ಗಿರಾಕಿಗೋಳ ಮುಂದ ಸಾರಿ ಹೇಳ್ತಿದ್ಲು. ಸಾಲ್ಯಾಗ ಮೂಗು, ನರ, ಶ್ವಾಸಕೋಶ ಅಂತ ಫಳಿ ಮ್ಯಾಲ ಚಿತ್ರ ತಗದು ಕಲಸೂ ಅಕ್ಕೋರು, ಸೀನು ಕೇಳಿ ಪಟಕ್ಕನ ಕುಂದರತಾರಂದ್ರ ನಗಲಾರದ ಏನ್ ಮಾಡ್ತಾರ ಹೇಳ್ರಿ.

ನಗೂದಕ್ಕ ನಾನೂ ನಗ್ತಿದ್ದೆ. ಆದ್ರ ಕುಂದರೂದು ಬಿಡಾಕ ಆಗ್ತಿದ್ದಿಲ್ಲ. ಯಾಕಂದ್ರ ನಂಗ ಇಪ್ಪತ್ಮೂರು ವರ್ಷ ಇದ್ದಾಗ ನನ್ನ ನೋಡಾಕ ಮಂದಿ ಬಂದಿದ್ರು. ಅವಲಕ್ಕಿ ಆತು, ಚಾ ಆತು, ಸೆಕಿ ಅಂತ ಕಿಡಕಿ ತೆರದದ್ದಾತು, ಹುಡುಗ ನನ್ನ ಕಡೆ ನೋಡಿ ನಕ್ಕಿದ್ದ, ನಾನೂ ನಕ್ಕಿದ್ದೆ. ಅವರ ಹಿರಿ ಮನಷ್ಯಾ ‘ಹಂಗಾದ್ರ ಮುಂದಿನ ಮಾತು ಆಡೋಣು’ ಅಂತ ಬಾಯಿ ತೆರದವನ ಆಕ್ಷೀ ಅಂತ ಸೀನಿದ. ಒಂದ ಸೀನು. ಎಲ್ಲಾರೂ ಎರಡನೇದಕ್ಕ ಕಾದ್ರು. ಬರಲಿಲ್ಲ. ಅವರು ಮಾರಿ ಮಾರಿ ನೋಡಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಹೋದವರು ಮತ್ತ ಈ ಓಣಿಗೆ ಹಾಯಲಿಲ್ಲ. ಅದಾದ ಮ್ಯಾಲ ನಾನ ಬ್ಯಾಡ ಅಂದೆ. ನೌಕರಿ ಸಿಕ್ತು, ಅಣ್ಣನ ಮಗಳು ಬಂದ್ಲು, ಜೀವನ ಛಲೋನ ಹೋತು. ಅಳಾಕ ಏನೂ ಇಲ್ಲ. ಆದ್ರ ಸೀನು ಕೇಳಿದ್ರ ಕಾಲು ತಾವ ನಿಲ್ತಾವ.

ಇನ್ನ ಅಂಕಲಿಯಂವ. ಅಂಕಲಿ ಅಂದ್ರ ಚಿಕ್ಕೋಡಿ ದಾಟಿದ ಮ್ಯಾಲ ಸಿಗೂ ಊರು. ಉಗಾರದ ಸಕ್ಕರಿ ಕಾರ್ಖಾನಿಯೊಳಗ ನೌಕರಿ, ನಲವತ್ತರ ಹತ್ತರ ವಯಸ್ಸು, ಬಾಗಲಾ ಬಗ್ಗಿ ಒಳಗ ಬರೂವಷ್ಟು ಎತ್ತರ. ಯಾರೋ ಗೆಳ್ಯಾರ ಜೋಡಿ ಒಂದು ಐತವಾರ ಬಂದಿದ್ದ. ಬಂದ, ಸೀನಿದ, ಉಂಡ. ಮುಂದಿನ ಐತವಾರ ಒಬ್ಬನ ಬಂದ. ಉಳದ ಗಿರಾಕಿಗೋಳಿಗೆ ಎರಡು ಮೂರು ಸಲ ಬಂದ್ರ ಘಾಟು ರೂಢಿ ಆಗತೈತಿ, ಸೀನು ನಿಲ್ತಾವ. ಇವಂಗ ಆಗವೊಲ್ಲದು. ಪ್ರತಿ ಸಲಾನೂ ಮೂಗ ಕೆಂಪ ಮಾಡಿಕೊಂಡು, ಕಣ್ಣಾಗ ನೀರ ತುಂಬಿಕೊಂಡು, ಒಂದ ಒಂದು ಸೀನು. ಅದೂ ನಾ ಎದ್ದಾಗನ! ನಾ ಕುಂತು ಅವನ ಕಡೆ ದುರುಗುಟ್ಟಿ ನೋಡಿದ್ರ, ‘ತಪ್ಪಾತ್ರಿ ಅಕ್ಕೋರ’ ಅಂತ ಕೈ ಮುಗದು ತಾನ ಒಂದು ಚಾ ತಂದು ಇಡ್ತಿದ್ದ.

‘ಏನೋ ತಮ್ಮಾ, ಅಂಕಲಿಯಿಂದ ಇಲ್ಲಿ ತನಕ ಸೀನಾಕ ಬರ್ತಿ ಏನು? ನಿಮ್ಮ ಊರಾಗ ಮಿಸಳ ಸಿಗೂದಿಲ್ಲೇನು?’ ಅಂತ ಒಂದಿನ ಕೇಳೇಬಿಟ್ಟೆ.

‘ಸಿಗತೈತ್ರಿ. ಆದ್ರ ಅಲ್ಲಿ ಸೀನು ಬರೂದಿಲ್ಲರಿ,’ ಅಂತ ಅಡಗಿ ಕೋಲಿ ಕಡೆ ನೋಡಿ ಕಿವಿ ಕೆಂಪ ಮಾಡಿಕೊಂಡ. ನಾ ದಡ್ಡಿ ಏನಲ್ಲ, ತಿಳೀತು.

ಗಣಪತಿ ಹಬ್ಬ ಆದ ಮ್ಯಾಲ ಒಂದು ಸಂಜಿ ಹಿಟ್ಟು ನಾದ್ಕೋತ ಅಕಿ ಅಂದ್ಲು, ‘ಅತ್ತಿ, ಆ ಅಂಕಲಿಯಂವ ಕೇಳ್ಯಾನ.’

‘ಏನ್ ಕೇಳ್ಯಾನ? ಇನ್ನೊಂದು ಬಟ್ಟಲ ರಸ್ಸಾ?’

‘ನನ್ನ ಕೇಳ್ಯಾನ.’

ನಾ ಕೈಯಾಗಿನ ಪೇಪರ್ ಮಡಚಿ ಇಟ್ಟೆ. ‘ನೀ ಏನಂದಿ?’

‘ಹೊಟೇಲ್ ಬಿಡೂದಿಲ್ಲ ಅಂದೆ.’

‘ಅದಕ್ಕ ಅಂವ?’

‘ಬಿಟ್ರ ಐತವಾರ ನಾ ಎಲ್ಲಿ ಹೋಗ್ಲಿ ಅಂದ,’ ಅಂತ ಅಕಿ ಹಿಟ್ಟಿನ ಕೈಲೆ ಮಾರಿ ಮುಚ್ಚಿಕೊಂಡು ನಕ್ಕಳು. ಹಣಿ, ಗಲ್ಲ ಎಲ್ಲಾ ಹಿಟ್ಟಾತು.

ಇದರಾಗ ನಗೂದೇನು ಅಂತೀರಿ? ಇದಕ್ಕೂ ಮೊದಲ ಎರಡು ಕಡೆ ಮಾತು ಮುರದಿತ್ತು. ಒಬ್ರು ಹೊಟೇಲ್ ಬಂದ್ ಮಾಡಂದ್ರು, ಇನ್ನೊಬ್ರು ನಮ್ಮ ಮನಿ ಸೊಸಿ ಗಲ್ಲೇದ ಮ್ಯಾಲ ಕುಂತು ರೊಕ್ಕಾ ಎಣಸಿದ್ರ ಮಂದಿ ಏನಂತಾರ ಅಂದ್ರು. ಆ ಎರಡೂ ಸಲ ಅಕಿ ಸುಮ್ಮಕ ಆಗಿಬಿಟ್ಟಿದ್ಲು. ಜಗಳಾಡೂ ಹುಡುಗಿ ಜಗಳಾಡದ ಇದ್ರ ನಂಗ ಅನ್ನ ಸೇರೂದಿಲ್ಲ. ಮೂವತ್ನಾಲ್ಕು ವರ್ಷದಾಕಿ, ಈ ಸಲ ತಾನ ಮೆಚ್ಚ್ಯಾಳ, ತಾನ ನಕ್ಕಾಳ. ಇದು ಮುರೀಬಾರದು ಅಂತ ನಾ ಆ ರಾತ್ರಿ ದೇವರ ಮುಂದ ನಿಂತು ಹೇಳಿದೆ, ಬೇಡಿಕೊಳ್ಳಲಿಲ್ಲ, ಹೇಳೇಬಿಟ್ಟೆ. ಅಣ್ಣಗ ಫೋನ್ ಮಾಡಿದ್ರ, ‘ನೀ ಹೂಂ ಅಂದ್ರ ನಂದೂ ಹೂಂ. ನೀನ ಕುಂತು ಮಾತಾಡು’ ಅಂದ. ಗಂಡಸರಿಗೆ ಏನು, ಆರಾಮ.

ಒಂದ ತೊಡಕು ಉಳದಿತ್ತು, ಅವರವ್ವ. ಅಂವ ಸಾಫ್ ಹೇಳಿದ್ದ: ‘ಅಕ್ಕೋರ, ಅಪ್ಪ ಹೋದ ಮ್ಯಾಲ ನಮ್ಮವ್ವನ ನಂಗ ಎಲ್ಲಾ. ಅಕಿ ಒಲ್ಲೆ ಅಂದ್ರ ನಾ ಮೀರೂದಿಲ್ಲರಿ. ಕಬ್ಬಿನ ಸೀಜನ್ ಚಾಲೂ ಆತಂದ್ರ ನಂಗ ಸೂಟಿ ಸಿಗೂದಿಲ್ಲ, ಅದಕ್ಕ ಬರೂ ಐತವಾರ ಅವ್ವನ್ನ ಕರಕೊಂಡು ಬರ್ತೇನಿ. ಹೊಟೇಲಿನಾಗ ಕುಂತು ಮಾತಾಡೋಣ್ರಿ.’ ಹೋಗೂ ಮುಂದ ಬಾಗಲದಾಗ ನಿಂತು, ‘ನಮ್ಮವ್ವ ಶಾಸ್ತ್ರ ಭಾಳ ನೋಡ್ತಾಳ್ರಿ’ ಅಂತೊಂದು ಮಾತು ಒಗದು ಹೋದ.

ಶಾಸ್ತ್ರ! ಶಾಸ್ತ್ರ ನೋಡೂ ಹೆಣ್ಣಮಗಳು ಸೀನಿನ ಹೊಟೇಲಿಗೆ ಮಗನ ಲಗ್ನದ ಮಾತಾಡಾಕ ಬರ್ತಾಳ. ನಾ ಅಕಿಗೆ ಹೇಳಿದೆ, ‘ನನ್ನ ಮಾತು ಕೇಳು, ಮನಿಗೇ ಕರಿಯೋಣು.’ ಅಕಿ ಕೇಳಲಿಲ್ಲ. ‘ಅತ್ತಿ, ನಾ ಏನು ಮಾಡ್ತೇನಿ ಅನ್ನೂದನ್ನ ಅವರು ಅಲ್ಲೇ ನೋಡ್ಲಿ. ಮನಿಯಾಗ ಸೆರಗ ಹೊತ್ತು ಚಾ ಕೊಟ್ಟು ಆಮ್ಯಾಲ ಗಲ್ಲೇದ ಮ್ಯಾಲ ಕುಂತ್ರ ಮೋಸ ಮಾಡಿದಂಗ ಆಗತೈತಿ.’ ಖರೇ ಮಾತು.

ಶನಿವಾರ ಸಾಲಿ ಬಿಟ್ಟ ಕೂಡಲೆ ಬಸ್ ಹಿಡದು ಬಂದು ಸೀರಿ ಎತ್ತಿ ಕಟ್ಟಿದೆ. ಘಾಟು ಅನ್ನೂದು ಒಂಚೂರೂ ಉಳೀಬಾರದು. ಉದ್ದನ್ನ ಕೋಲಿಗೆ ಕಸಬರಗಿ ಕಟ್ಟಿ, ಇಬ್ಬರೂ ಪೆಟ್ಟಿಗಿ ಮ್ಯಾಲ ಹತ್ತಿ, ಯಾವ ಕಾಲದಿಂದ ಯಾರೂ ಮುಟ್ಟಿರದ ತೊಲಿಗೋಳನ್ನ, ಹಂಚಿನ ಸಂದಿಗೋಳನ್ನ ಗಸಗಸ ಝಾಡಿಸಿದ್ವಿ. ಪಾಪ, ಎಷ್ಟು ವರ್ಷದ ಧೂಳೋ ಏನೋ, ಕಂದು ಬಣ್ಣದ ಮೋಡಾನ ಇಳೀತು. ಆಮ್ಯಾಲ ನೆಲಾ ತೊಳದು, ಲೋಬಾನ ಹಾಕಿ, ಕರ್ಪೂರ ಹಚ್ಚಿ, ಕೈ ಝಾಡಿಸಿಕೊಂಡು ‘ಈಗ ನೋಡು, ದೇವರ ಕೋಲಿ ಆದಂಗ ಆತು’ ಅಂದೆ. ಮೆಡಿಕಲ್ ಅಂಗಡಿಯಿಂದ ಸೀನಿನ ಗುಳಿಗಿ ತಂದು ಅಂಕಲಿಯಂವಗ ಮೊದಲ ಕಳಿಸಿದ್ದೆ. ‘ಚಿಕ್ಕೋಡಿ ದಾಟಿದ ಮ್ಯಾಲ ನುಂಗು, ಮರೀಬ್ಯಾಡ’ ಅಂತ ತಾಕೀತು ಮಾಡಿದ್ದೆ. ಮರುದಿನಕ್ಕ ಒಣಮೆಣಸಿನಕಾಯಿ ಹುರಿಬಾರದು, ಖಾರದ ಒಗ್ಗರಣಿ ಹಾಕಬಾರದು ಅಂತ ಅಡಗಿ ಕೋಲಿಗೂ ಹುಕುಂ ಆತು.

ಐತವಾರ ಅವರು ಬಂದ್ರು. ನಾ ಬಾಗಲದಾಗ ನಿಂತಿದ್ದೆ. ಮುಂದ ಅವರವ್ವ: ಗಿಡ್ಡ ಹೆಣ್ಣಮಗಳು, ಇಳಕಲ್ ಸೀರಿ, ಕೈಯಾಗೊಂದು ದೊಡ್ಡ ಚೀಲ. ಹಿಂದ ಮಗಾ, ಅರ್ಧಾ ಕಣ್ಣು ಮುಚ್ಚಿಕೊಂಡು ತೂಗಾಡಕೋತ ಬರಾಕತ್ತಿದ್ದ. ನನ್ನ ಗುಳಿಗಿ ಕೆಲಸ ಮಾಡಿತ್ತು, ನಾ ಅಂದಕೊಂಡದ್ದಕ್ಕಿಂತ ಭಾಳ ಮಾಡಿತ್ತು. ‘ಬರ್ರಿ ವೈನಿ, ಒಳಗ ಬರ್ರಿ’ ಅಂದೆ. ಅವರು ಹೊಸ್ತಿಲಾ ದಾಟಿದ್ರು, ಒಂದು ಸಲ ಮ್ಯಾಲ ತೊಲಿ ಕಡೆ ನೋಡಿದ್ರು, ಪಟಕ್ಕನ ಸೆರಗ ಎತ್ತಿ ಮೂಗಿಗೆ ಹಿಡಕೊಂಡ್ರು.

ಆ ಸೆರಗ ಇಳಿಸಲೇ ಇಲ್ಲ. ನಾ ಊರ ಸುದ್ದಿ ತಗದೆ, ಹೂಂ ಅಂದ್ರು. ಮಳಿ ಸುದ್ದಿ ತಗದೆ, ತಲಿ ಅಲ್ಲಾಡಿಸಿದ್ರು. ಅಕಿ ತಾಟು ತಂದು ಇಟ್ಟು ಕಾಲಿಗೆ ಬಿದ್ರ, ಮೂಗ ಹಿಡಕೊಂಡ ಕೈ ಬಿಡದ ಎಡಗೈಲೆ ತಲಿ ಮುಟ್ಟಿದ್ರು. ಎಡಗೈ! ಅಕಿ ಮಾರಿ ಸಣ್ಣದಾತು. ನಂಗ ಮೈಯೆಲ್ಲಾ ಉರೀತು. ಅಲ್ಲಾ, ನಮ್ಮ ಜಾಗಾ ಅಷ್ಟು ನಾರತೈತೇನು? ಮೂಗು ಮುಚ್ಚಿಕೊಂಡು ಕುಂದರೂವಷ್ಟು? ಇಲ್ಲಿಗೆ ಇಷ್ಟ ಮಂದಿ ಬಂದು ಉಂಡು ಬೆರಳ ನೆಕ್ಕಿ ಹೋಗ್ತಾರ! ಮಾತು ನಾಲಿಗಿ ತುದಿ ತನಕ ಬಂದಿತ್ತು, ಅಕಿ ನನ್ನ ಕಡೆ ನೋಡಿ ಕಣ್ಣಲೇ ಬ್ಯಾಡ ಅಂದ್ಲು. ನುಂಗಿಕೊಂಡೆ.

ನಡುವ ಆ ಮಹಾರಾಯ ಒಬ್ಬಂವ. ಥಾಲಿಪೀಟ ಮುರೀತಾನ, ಬಾಯಿಗೆ ಒಯ್ಯೂದರಾಗ ಆಕಳಿಸ್ತಾನ. ‘ಲಗ್ನದ ಮಾತು ನಡಿವಾಗ ನಿದ್ದಿ ಮಾಡೂ ಗಂಡನ್ನ ನಾ ಇವತ್ತ ನೋಡಿದೆ’ ಅಂತ ಅಕಿ ಬಡಿಸೂ ನೆಪದಾಗ ನನ್ನ ಕಿವಿಯಾಗ ಪಿಸುಗುಟ್ಟಿದ್ಲು. ದನಿಯೊಳಗ ನಗಿನೂ ಇತ್ತು, ಅಳೂನೂ ಇತ್ತು.

ಅವರವ್ವ ಕೆಂಪು ರಸ್ಸಾದ ಬಟ್ಟಲ ಸೆರಗಿನ ಕೆಳಗ ಒಯ್ದು ಒಂದು ಗುಟುಕು ಕುಡದ್ರು. ಕಣ್ಣು ದೊಡ್ಡವಾದವು, ನೀರು ತುಂಬಿದವು. ಬಟ್ಟಲ ಕೆಳಗಿಟ್ರು. ಖಾರ ಹೆಚ್ಚಾತೋ, ರುಚಿ ಹತ್ತಲಿಲ್ಲೋ ಗೊತ್ತಾಗವೊಲ್ಲದು. ಬಿಳಿ ರಸ್ಸಾ ಕುಡದ್ರು. ಅದಕ್ಕೂ ಮಾತಿಲ್ಲ. ಮುಗೀತು ಬಿಡು, ಇದೂ ಮುಗೀತು ಅಂದಕೊಂಡೆ. ಅಕಿ ಅಡಗಿ ಕೋಲಿ ಬಾಗಲಿಗೆ ಆತು ನಿಂತು ಸೌಟು ಗಟ್ಟಿ ಹಿಡಕೊಂಡಿದ್ಲು. ಸಣ್ಣಾಕಿ ಇದ್ದಾಗ ಪರೀಕ್ಷಾ ರಿಜಲ್ಟಿನ ದಿನ ಹಂಗ ನಿಲ್ತಿದ್ಲು.

ಆಗ ಅವರವ್ವ ಸೆರಗ ಒಂದೀಟ ಸರಿಸಿ, ಚೀಲಾ ತೊಡಿ ಮ್ಯಾಲ ಎಳಕೊಂಡು, ‘ಅಕ್ಕೋರ, ನಾ ಹೆಚ್ಚ ಮಾತಾಡಾಕಿ ಅಲ್ಲರಿ. ನನ್ನ ಮನಸಿನಾಗ ಇದ್ದದ್ದು ಹೇಳತೇನಿ...’ ಅಂತ ಶುರೂ ಮಾಡಿದ್ರು.

ನಾ ಮುಂದ ಬಾಗಿದೆ. ಮ್ಯಾಲ ತೊಲಿಯಿಂದ ಏನೋ ಸಣ್ಣದೊಂದು ಪುಡಿ ಬಿಸಲಿನ ಕೋಲಿನಾಗ ಮಿಣಮಿಣ ಇಳದು ಬಂತು. ಹೊಟೇಲ್ ತೆರದಾಗಿಂದ ಒಂದಿನಾನೂ ಸೀನದ ಹೆಣ್ಣಮಗಳು ನಾ. ವಖಾರದ ಪಕ್ಕದಾಗ ಹುಟ್ಟಿ ಬೆಳದ ಮೂಗು, ನಂಗೇನಾಗತೈತಿ ಅಂತ ಮೆರೀತಿದ್ದ ಹೆಣ್ಣಮಗಳು.

‘ಆಕ್ಷೀ!’

ಪಕ್ಕದ ಪೆಟ್ಟಿಗಿ ಮ್ಯಾಲಿನವರೂ ಚಮಚಾ ಕೆಳಗಿಟ್ರು. ಅಂಕಲಿಯಂವಗ ಪೂರ್ತಿ ಎಚ್ಚರ ಆತು. ನಂಗ ಮಾತ್ರ ಇಪ್ಪತ್ಮೂರರ ಆ ದಿನ, ಆ ಚಪ್ಪಲಿ ಸಪ್ಪಳ ಎಲ್ಲಾ ಒಮ್ಮೆಲೆ ಕಿವಿಯಾಗ ಬಂತು. ದೇವರ, ನನ್ನ ಲಗ್ನಾ ಮುರದವ, ನನ್ನ ಮೂಗಿಲೆ ಈ ಹುಡುಗಿದೂ ಮುರೀಬೇಕಾ? ಇನ್ನೊಂದು ಸೀನು ಬಂದ್ರ ಸಾಕು, ಜೋಡಿ ಆಗತೈತಿ, ಶುಭ ಆಗತೈತಿ. ಬೆಳಕು ನೋಡಿದ್ರ ಸೀನು ಬರ್ತಾವ ಅಂತ ನಾನ ಸಾಲ್ಯಾಗ ಕಲಸೇನಿ. ಹಂಚಿನ ಸಂದಿ ಕಡೆ ಮಾರಿ ಎತ್ತಿ, ಬಾಯಿ ತೆರಕೊಂಡು, ಕಣ್ಣು ಕಿರದ ಮಾಡಿ ಕುಂತೆ. ಬರವೊಲ್ಲದು! ಮೂಗ ತಿಕ್ಕಿದೆ. ಬರವೊಲ್ಲದು! ಬೀಗ್ತಿ ಆಗೂ ಹೆಣ್ಣಮಗಳ ಮುಂದ ನಾ ಆ ಅವತಾರದಾಗ ಕುಂತದ್ದನ್ನ ನೆನಸಿಕೊಂಡ್ರ ಈಗೂ ನಾಚಿಕಿ ಬರತೈತಿ.

ಅಷ್ಟರಾಗ ಎದುರಿಗೆ ಅವರವ್ವನ ಮಾರಿ ವಿಚಿತ್ರ ಆತು. ಮೂಗು ಅಳ್ಳಾಡಿತು, ಹುಬ್ಬು ಮ್ಯಾಲ ಹೋದವು, ಸೆರಗ ಜಾರಿತು. ಆಮ್ಯಾಲ ನೋಡ್ರಿ, ಒಂದಲ್ಲ ಎರಡಲ್ಲ, ತಕ್ಕಡಿಯೊಳಗಿನ ಕೊತ್ತಂಬರಿ ಅಲ್ಲಾಡೂವಂಗ ಒಂದರ ಹಿಂದ ಒಂದು ಸೀನಿದ್ರು. ಸೀನಿ ಸೀನಿ, ಪೆಟ್ಟಿಗಿ ಮ್ಯಾಲ ಹಿಂದಕ್ಕ ಒರಗಿ, ‘ಅಯ್ಯ ಯವ್ವಾ! ಜೀವ ಬಂತು ನೋಡ್ರಿ ಅಕ್ಕೋರ! ನೀವ ಸೀನಿದ್ರಿ, ಇನ್ನ ನಂಗ್ಯಾರ ಅಂಜಿಕಿ!’ ಅಂತ ಕಣ್ಣು ಒರಸಿಕೊಂಡು ನಗಾಕ ಹತ್ತಿದ್ರು.

‘ಯಾಕ್ರಿ ವೈನಿ, ಏನಾತ್ರಿ?’

‘ಏನಾಗೂದ್ರಿ! ಈ ಭಾಡ್ಯಾ,’ ಅಂತ ಮಗನ ತೊಡಿ ಚೂಟಿದ್ರು, ‘ಬಸ್ಸಿನಾಗ ಕಿವಿ ತಿಂದಾನ. ಅವ್ವಾ, ಅವರ ಅತ್ತಿ ಶಕುನ ಭಾಳ ನೋಡ್ತಾರ, ಒಂದು ಸೀನು ಕೇಳಿದ್ರ ಎದ್ದವರು ಕುಂದರತಾರ, ನನ್ನ ಕಣ್ಣಾರೆ ನೋಡೇನಿ. ಮಾತಿನಾಗ ನೀ ಸೀನಿದಿ ಅಂದ್ರ ನನ್ನ ಲಗ್ನ ಅಲ್ಲಿಗೇ ಮುಗೀತು ಅಂತ. ಹೇಳಿ ನಿದ್ದಿ ಹತ್ಯಾನ ಇಂವ! ಬಂದಾಗಿಂದ ಮೂಗ ಬಿಗಿ ಹಿಡಕೊಂಡು ಕುಂತೇನಿ. ಸೊಸಿ ತಲಿ ಮ್ಯಾಲ ಬಲಗೈ ಇಡಾಕ ಆಗಲಿ, ರಸ್ಸಾಕ್ಕ ಛಲೋ ಆಗೇತಿ ಅನ್ನಾಕ ಆಗಲಿ, ಬಾಯಿ ತೆರದ್ರ ಸೀನ ಹೊರಗ ಬರ್ತಿತ್ರಿ!’

ಸೊಸಿ ಅಂದ್ರು. ನಾ ಅದನ್ನ ಕೇಳಿಸಿಕೊಂಡೆ, ಅಕೀನೂ ಕೇಳಿಸಿಕೊಂಡ್ಲು. ಸೌಟು ಕೈಯಿಂದ ಜಾರಿ ನೆಲಕ್ಕ ಬಿತ್ತು.

‘ಆದ್ರೂ ವೈನಿ,’ ಅಂದೆ, ನನ್ನ ದನಿ ನಂಗ ಗುರ್ತು ಸಿಗದಂಗ ಆಗಿತ್ತು, ‘ಮೊದಲ ನಾ ಸೀನಿದ್ದು ಒಂಟಿ ಸೀನು. ನೀವು ಶಾಸ್ತ್ರ ನೋಡೂವರು...’

‘ಶಾಸ್ತ್ರ ಅಂದ್ರ ಉಡಿ ತುಂಬೂದ್ರಿ! ಒಪ್ಪಿದ ದಿನಾನ ಉಡಿ ತುಂಬಬೇಕು ಅಂತ ನಂದೊಂದು ಹಟಾ, ಅದಕ್ಕ ಈ ಚೀಲ.’ ಅವರು ಸುತ್ತ ಗ್ವಾಡಿ, ತೊಲಿ, ಜರಡಿ ದೀಪ ಎಲ್ಲಾ ನೋಡಿದ್ರು. ‘ಅಕ್ಕೋರ, ನಾ ಇಲ್ಲೇ ಹಿಂದಿನ ಓಣಿಯಾಗ ಹುಟ್ಟಿದಾಕಿ. ಲಗ್ನಾ ಆಗೂ ತನಕ ಇಂಥಾ ವಖಾರದಾಗ ಜರಡಿ ಹಿಡದೇನಿ. ಇಲ್ಲಿ ಸೀನಿಗೆ ಶಕುನ ಇಲ್ಲರಿ. ಅದು ತಂಬಾಕದ ಸೀನು. ವಖಾರದ ಸೀನು ಲೆಕ್ಕಕ್ಕ ಹಿಡಿಬಾರದು ಅಂತ ನಮ್ಮ ಹಿರ್ಯಾರು ಮೊದಲ ಹೇಳಿಕೊಡತಿದ್ರು. ತಂಬಾಕದ ಸುಗ್ಗಿಗೆ ಅಂಕಲಿಯಿಂದ ಕೆಲಸಕ್ಕ ಬಂದಿದ್ದ ನನ್ನ ಅತ್ತಿ, ನಮ್ಮವ್ವ ಒಂದ ಸಾಲಿನಾಗ ಕುಂತು ಜರಡಿ ಆಡಸ್ಕೋತ ನನ್ನ ಲಗ್ನಾ ಗಟ್ಟಿ ಮಾಡಿದ್ರು. ಇಕಿ ಸೀನಾಕಿ, ಅಕಿ ಹೂಂ ಅನ್ನಾಕಿ. ಸೀನಿಗೆ ಅಂಜಿದ್ರ ಈ ಊರಾಗ ಯಾರ ಮನಿಯಾಗ ತೊಟ್ಟಲಾ ಕಟ್ಟತಿದ್ರಿ?’ ಮತ್ತ ಮ್ಯಾಲ ನೋಡಿ, ‘ಅದಿರಲಿ, ತೊಲಿ ಝಾಡಿಸಿದವರು ಯಾರ್ರಿ? ವಖಾರದ ತೊಲಿ ಯಾರರ ಒಣಾ ಕಸಬರಗಿಲೆ ಝಾಡಸ್ತಾರೇನ್ರಿ! ಹಸೀ ಅರವಿಲೆ ಒರಸಬೇಕು. ಎಷ್ಟ ವರ್ಷದ ತಂಬಾಕ ನಮ್ಮ ತಲಿ ಮ್ಯಾಲ ಉದರಸೀರಿ!’

ಹೊಟೇಲ್ ತುಂಬ ನಗಿ. ನಾ ನಗಲಿಲ್ಲ. ನನ್ನ ತಲಿಯೊಳಗ ಬ್ಯಾರೇನೋ ತಿರಗಾಕತ್ತಿತ್ತು.

‘ವೈನಿ, ಒಂದು ಕೇಳ್ಲೇನ್ರಿ? ವಖಾರದ ಒಳಗ ಅಲ್ಲ, ಪಕ್ಕದ ಮನಿಯಾಗ ಸೀನಿದ್ರ? ಕಿಡಕಿ ತೆರದಿತ್ತು. ಜರಡಿ ಹಿಡಿಯೂ ಹೊತ್ತು.’

‘ಅದೂ ತಂಬಾಕದ್ದ ಅಲ್ರೀ,’ ಅಂದ್ರು. ‘ಗಾಳಿ ಹೋದಷ್ಟು ದೂರ ಅದ ಕಾಯ್ದೆ. ಯಾಕ್ರಿ?’

‘ಏನಿಲ್ಲರಿ.’ ನನ್ನ ನೋಡಾಕ ಬಂದ ಆ ಹುಡುಗನ ಮಾರಿ ನಂಗೀಗ ನೆಪ್ಪೂ ಇಲ್ಲ. ಅಂವ ಬೇಕಾಗಿತ್ತು ಅಂತಾನೂ ಅಲ್ಲ. ಆದ್ರ ನನ್ನ ಹಣಿಬಾರ ಅಂತ ಇಷ್ಟ ವರ್ಷ ಹೊತ್ತುಕೊಂಡು ತಿರಗಿದ್ದು ಬರೇ ತೆರದ ಕಿಡಕಿ! ಪಕ್ಕದ ವಖಾರದ ಧೂಳು! ಹೊಟ್ಟಿಯಿಂದ ನಗಿ ಎದ್ದು ಬಂತು. ಹೊಟ್ಟಿ ಹಿಡಕೊಂಡು ನಕ್ಕೆ, ಕಣ್ಣಾಗ ನೀರು ಬರೂ ತನಕ ನಕ್ಕೆ. ಅಣ್ಣನ ಮಗಳು ಓಡಿ ಬಂದು ನನ್ನ ಬೆನ್ನು ಸವರಿದ್ಲು. ಅಕಿಗೆ ಆ ಕತಿ ಗೊತ್ತು. ಅಕಿ ನಗಲಿಲ್ಲ, ನನ್ನ ತಲಿ ತನ್ನ ಹೊಟ್ಟಿಗೆ ಒತ್ತಿ ಹಿಡಕೊಂಡ್ಲು. ಅಕಿ ಸೀರಿಗೆ ಒಗ್ಗರಣಿ ವಾಸನಿ ಇತ್ತು.

ಅವರವ್ವ ಅಲ್ಲೇ, ಗೋಣಿಚೀಲದ ಗಾದಿ ಮ್ಯಾಲ ಅಕಿನ್ನ ಕುಂದರಿಸಿ, ಚೀಲದಿಂದ ಕುಬಸದ ಕಣ, ತೆಂಗಿನಕಾಯಿ, ಅಕ್ಕಿ, ಅರಿಷಿಣ ಬೇರು ತಗದು ಉಡಿ ತುಂಬಿದ್ರು. ಈ ಸಲ ಎರಡೂ ಕೈ ಇದ್ದವು. ಪಕ್ಕದ ಪೆಟ್ಟಿಗಿಯ ಗಿರಾಕಿ ಹೆಣ್ಣಮಕ್ಕಳು ತಾವಾಗೇ ಎದ್ದು ಬಂದು ಕುಂಕುಮ ಹಚ್ಚಿದ್ರು. ಅಂಕಲಿಯಂವ ಮಾರಿ ತುಂಬ ನಗಿ, ನಗಿ ನಡುವ ಒಂದು ಆಕಳಿಕಿ. ‘ಹೊಟೇಲಿನ ಸುದ್ದಿ ಏನ್ರಿ ಮತ್ತ?’ ಅಂತ ನಾ ಕಡೀಗೆ ಕೇಳೇಬಿಟ್ಟೆ, ಅದನ್ನ ಗಟ್ಟಿ ಮಾಡಿಕೊಳ್ಳದ ಏಳಾಕಿ ಅಲ್ಲ ನಾ. ಅವರವ್ವ ಕೆಂಪು ರಸ್ಸಾದ ಖಾಲಿ ಬಟ್ಟಲ ಮುಂದ ದೂಡಿ, ‘ಇನ್ನೊಂದು ಹಾಕಿ ಕೊಡವ್ವಾ,’ ಅಂದ್ರು ಸೊಸಿಗೆ. ‘ಬಂದ್ ಮಾಡೂ ಮಾತು ಯಾರರ ಆಡಿದ್ರ ನಂಗ ಹೇಳು. ನಾ ಈ ಘಾಟು ಮೂಗಿಗೆ ಬಿದ್ದು ಎಷ್ಟ ವರ್ಷಾತು. ನಂಗಿದು ತವರಮನಿ ವಾಸನಿ.’

ಹೊತ್ತು ನಡು ಮಧ್ಯಾಹ್ನಕ್ಕ ಬಂದಿತ್ತು. ಅಣ್ಣಗ ಫೋನ್ ಮಾಡಬೇಕು, ಅರವಿ ಅಂಗಡಿಗೆ ಹೋಗಬೇಕು, ಸಾಲಿಗೆ ಸೂಟಿ ಚೀಟಿ ಬರೀಬೇಕು. ನಾ ಚೀಲ ಹೆಗಲಿಗೆ ಹಾಕಿ ಎದ್ದೆ. ಗುಳಿಗಿ ಅಂಬೂದು ಎಷ್ಟ ಹೊತ್ತು ಕೆಲಸ ಮಾಡತೈತಿ ಹೇಳ್ರಿ. ಹಿಂದಿನಿಂದ ಬಂತು.

‘ಆಕ್ಷೀ!’

ಒಂದ. ಎಲ್ಲಾರೂ ನನ್ನ ಕಡೆ ನೋಡಿದ್ರು. ಅಂಕಲಿಯಂವ ಕೈ ಮುಗದು ‘ತಪ್ಪಾತ್ರಿ ಅತ್ತಿ’ ಅಂದ. ಅಕ್ಕೋರ ಅನ್ನಲಿಲ್ಲ. ಅಣ್ಣನ ಮಗಳು ರೂಢಿಯಂಗ ಚಾ ಕಪ್ಪಿಗೆ ಕೈ ಹಾಕಿ, ‘ಕುಂದ್ರ ಅತ್ತಿ, ತರ್ತೇನಿ’ ಅಂದ್ಲು.

‘ಚಾ ಬ್ಯಾಡ,’ ಅಂದೆ. ‘ಮದುವಿ ಮನಿ ಐತಿ, ಕೆಲಸ ಭಾಳ ಅದಾವ.’

ಅಂದು, ಹೊಸ್ತಿಲಾ ದಾಟಿ, ಬಿಸಲಾಗ ನಡದೆ.